ಕಾಕಾ ಹಾಕಿದ ಬೋಲ್ಟುಗಳು

ಕಳೆದ ತಿಂಗಳು ರೋಣದಲ್ಲಿ ಒಂದು ಹೊಸ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದೆ. ಮೆಟ್ಟಿಲ ಬದಿಯ ಕಬ್ಬಿಣದ ಕಟಾಂಜನ ಕೂರಿಸುವವನು ಗೋಡೆಯ ತೂತಿಗೆ ಅಂಟು ತುಂಬುತ್ತಿದ್ದ. ಮೂಗಿನೊಳಗೆ ಸುಡುವಂಥ ಆ ವಾಸನೆ ಬಡಿದದ್ದೇ ತಡ, ಕಾಲುಗಳು ಅಲ್ಲೇ ನಿಂತುಬಿಟ್ಟವು. ಕಾಕಾನ ಅಂಗಿಯ ವಾಸನೆ ಅದು...

ಗಜೇಂದ್ರಗಡದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಇತ್ತ ನಮ್ಮ ಮಗ್ಗದ ಸದ್ದು, ಅತ್ತ ಅವರ ಕೆಮ್ಮು. ಹರೆಯವನ್ನೆಲ್ಲ ಕಲ್ಲಿನ ಕ್ವಾರಿಯಲ್ಲಿ ಮದ್ದು ತುಂಬುವ ತೂತು ಕೊರೆದು ಕಳೆದವರು. ಬಂಡೆ ಹತ್ತುವ ಹುಬ್ಬಳ್ಳಿಯ ಕ್ಲಬ್ಬಿನವರು ನಮ್ಮ ಗುಡ್ಡಕ್ಕೆ ಬರಲಾರಂಭಿಸಿದ ಮೇಲೆ ಅವರಿಗೆ ಬೋಲ್ಟ್ ಹಾಕಿಕೊಡುವ ಕೆಲಸ ಹಿಡಿದರು. ಬಂಡೆಯಲ್ಲಿ ತೂತು ಕೊರೆದು, ಅಂಟು ತುಂಬಿ, ತಲೆಯಲ್ಲಿ ಬಳೆಯಿರುವ ಉಕ್ಕಿನ ಸರಳನ್ನು ಕೂರಿಸಬೇಕು. ಹತ್ತುವವರು ಆ ಬಳೆಗೆ ಹಗ್ಗ ಸಿಕ್ಕಿಸುತ್ತಾರೆ. ಕೈ ಜಾರಿದರೆ ಜೀವ ಅದರ ಮೇಲೆ.

ಆ ಕೆಲಸ ಕಲಿಯಬೇಕೆಂದು ನಾನೇ ಹಟ ಹಿಡಿದೆ. ಆಗ ನನಗೆ ಇಪ್ಪತ್ತಮೂರು. ಕಾಕಾ ಕಲಿಸಿದರು, ಆದರೆ ಒಂದು ದಿನವೂ ಕರುಣೆಯಿಂದ ಕಲಿಸಲಿಲ್ಲ. ನಮ್ಮದು ಮೆದು ಮರಳುಗಲ್ಲು. ಕೊರೆದರೆ ತೂತಿನ ತುಂಬ ಕೆಂಪು ಹುಡಿ; ಅದು ಉಳಿದರೆ ಅಂಟು ಕಲ್ಲನ್ನು ಹಿಡಿಯುವುದಿಲ್ಲ. ನಾಲ್ಕು ಸಲ ಬ್ರಷ್ ಆಡಿಸಿ, ನಾಲ್ಕು ಸಲ ಪಂಪಿನಿಂದ ಗಾಳಿ ಊದಿ, ಬೆರಳಿಗೆ ಹುಡಿ ಹತ್ತುವುದಿಲ್ಲ ಎಂದಾದ ಮೇಲೇ ಅಂಟು. ಒಮ್ಮೆ ಸರಳು ಕೂದಲೆಳೆಯಷ್ಟು ವಾರೆಯಾಯಿತೆಂದು, ಗಟ್ಟಿಯಾದ ಅಂಟನ್ನು ನನ್ನಿಂದಲೇ ಉಳಿ ಹಿಡಿಸಿ ಕೆತ್ತಿಸಿದರು. ಅಂಗೈ ಒಡೆದು ರಕ್ತ ಬಂತು. ಕ್ಲಬ್ಬಿನವರೆಲ್ಲ ನೋಡುತ್ತಿದ್ದರು.

"ಮಗ್ಗದಾಗ ಎಳಿ ಹರದ್ರ ಗಂಟ ಹಾಕಬಹುದು," ಅಂದರು ಎಲ್ಲರಿಗೂ ಕೇಳುವಂತೆ. "ಇಲ್ಲಿ ಹರದ್ರ ಹೆಣ ಬೀಳತೈತಿ. ನಿನ್ನ ಕೈಗೆ ಮಗ್ಗಾನ ಚಲೋ."

ಮರುವಾರ ಬಂಡೆಯ ಮೇಲ್ಭಾಗದ ಒಂದು ಬೋಲ್ಟ್ ನನ್ನ ಪಾಲಿಗೆ ಬಂತು. ಕಾಕಾ ಗುಡ್ಡದ ಆಚೆ ಬದಿಯಲ್ಲಿ ಕೊರೆಯುತ್ತಿದ್ದರು. ನಾನು ಹಗ್ಗಕ್ಕೆ ಜೋತುಬಿದ್ದು ತೂತು ಕೊರೆದು ಮುಗಿಸಿದ್ದೆ, ಬ್ರಷ್ ಕೈಜಾರಿ ಕೆಳಗೆ ಬಿತ್ತು. ಇಳಿದು ಹುಡುಕಬಹುದಿತ್ತು. ಇಳಿದರೆ ಅವರಿಗೆ ಗೊತ್ತಾಗುತ್ತದೆ, ಮತ್ತೆ ಆ ನಾಲಿಗೆ... ಪಂಪಿನಿಂದ ಎರಡು ಸಲ ಊದಿ ಅಂಟು ತುಂಬಿ ಸರಳು ತಳ್ಳಿಬಿಟ್ಟೆ. ಹೊರಗಿನಿಂದ ನೋಡಲು ಅದು ಬಹಳ ಚೆಂದ ಕೂತಿತ್ತು.

ಪ್ರತಿ ಬೋಲ್ಟನ್ನೂ ಮೊದಲು ತಮ್ಮ ಮೈಭಾರದಿಂದಲೇ ಪರೀಕ್ಷಿಸುವುದು ಅವರ ಪದ್ಧತಿ. ಮರುದಿನ ಬೆಳಿಗ್ಗೆ ಹತ್ತಿದರು. ಕೆಳಗೆ ಹಗ್ಗ ಹಿಡಿದು ನಿಂತವಳು ನಾನೇ. ಬೇಡ ಎನ್ನಲು ಬಾಯಿ ತೆರೆದೆ, ಅವರು ಮೇಲಿಂದ, ಹಗ್ಗ ಸರಿಯಾಗಿ ಹಿಡಿ ಎಂದು ಗದರಿದರು, ಬಾಯಿ ಮುಚ್ಚಿಕೊಂಡೆ. ಬೋಲ್ಟಿಗೆ ಜೋತುಬಿದ್ದು ಎರಡು ಸಲ ಜಗ್ಗಿದರು. ಮೂರನೆಯದಕ್ಕೆ ಅದು ಕಿತ್ತು ಬಂತು. ಕೆಳಗಿನ ಬೋಲ್ಟ್ ಅವರೇ ಹಾಕಿದ್ದು, ಅದು ಹಿಡಿಯಿತು. ಆದರೆ ಅಷ್ಟರಲ್ಲಿ ಸೊಂಟ ಚಾಚುಗಲ್ಲಿಗೆ ಅಪ್ಪಳಿಸಿತ್ತು.

ದವಾಖಾನೆಗೆ ಕ್ಲಬ್ಬಿನ ಮುಖ್ಯಸ್ಥರು ಬಂದರು. ಕಿತ್ತ ಸರಳು ಅವರ ಕೈಯಲ್ಲಿತ್ತು. ಅಂಟಿನ ಸುತ್ತ ಕೆಂಪು ಹುಡಿ ರೊಟ್ಟಿಗೆ ಹಿಟ್ಟು ಸವರಿದಂತೆ ಮೆತ್ತಿತ್ತು. ಯಾರು ಹಾಕಿದ್ದು ಎಂದು ಕೇಳಿದರು. ಹೇಳಿಬಿಡಲು ನಾನು ಮುಂದೆ ಬಂದೆ.

"ನಾನ ಹಾಕಿದ್ದು," ಅಂದರು ಕಾಕಾ. "ವಯಸ್ಸಾತು. ಕಣ್ಣ ಕಾಣವಲ್ವು."

ಮುಖ್ಯಸ್ಥರು ಹೋದ ಮೇಲೆ ಕಾಕಾನ ಕಾಲ ಬಳಿ ಕುಸಿದು ಅತ್ತೆ. ಅವರು ನನ್ನತ್ತ ತಿರುಗಲಿಲ್ಲ.

"ನಿನ್ನ ಉಳಿಸೀನಿ ಅಂತ ತಿಳ್ಕೋಬ್ಯಾಡ. ಅವರ ಮುಂದ ಒಪ್ಪಿಕೊಂಡಿದ್ರ, ಬೈಸಿಕೊಂಡು, ಅತ್ತು, ಹಗರಾಗ್ತಿದ್ದಿ. ಅದಕ್ಕ ಆ ದಾರಿ ನಿನಗ ಬಿಡಲಿಲ್ಲ."

ಮುಂದಿನದನ್ನು ಅವರೂ ಎಣಿಸಿರಲಿಕ್ಕಿಲ್ಲ. ಕಣ್ಣು ಕಾಣದ ಮುದುಕನ ಬೋಲ್ಟುಗಳನ್ನು ಯಾರು ನಂಬುತ್ತಾರೆ? ಎಲ್ಲವನ್ನೂ ತೆಗೆದು ಹೊಸದು ಹಾಕಬೇಕೆಂದು ಕ್ಲಬ್ ತೀರ್ಮಾನಿಸಿತು. ಆ ಕೆಲಸ ಬಲ್ಲವಳು ಊರಿನಲ್ಲಿ ನಾನೊಬ್ಬಳೇ. ಒಲ್ಲೆ ಎನ್ನಲು ಕಾರಣ ಹೇಳಬೇಕಿತ್ತು. ಹೇಳಲಿಲ್ಲ.

ಒಂದೊಂದನ್ನೂ ಮೊದಲು ಜಗ್ಗಿ ನೋಡಿದೆ. ಒಂದೂ ಅಲುಗಲಿಲ್ಲ. ಗ್ರೈಂಡರಿನಿಂದ ಕತ್ತರಿಸಬೇಕಾಯಿತು. ಉಕ್ಕಿನ ಆ ಕೀರಲು ಗುಡ್ಡಕ್ಕೆ ಬಡಿದು ಓಣಿಯವರೆಗೂ ಇಳಿಯುತ್ತಿತ್ತು. ಕೋಲು ಹಿಡಿದೂ ನಿಲ್ಲಲಾಗದ ಕಾಕಾ ಅಂಗಳದ ಹೊರಸಿನ ಮೇಲೆ ಮಲಗಿ ಹದಿನೆಂಟು ದಿನ ಅದನ್ನು ಕೇಳಿದರು. ಸಂಜೆ ನಾನು ಆ ಬಾಗಿಲ ಮುಂದೆಯೇ ಹಾದು ಮನೆಗೆ ಹೋಗಬೇಕಿತ್ತು. ಕೊನೆಯ ದಿನ ಮಾತ್ರ ಕರೆದು ಕೇಳಿದರು.

"ಎಷ್ಟ ಸಡಲ ಇದ್ದುವು?"

"ಒಂದೂ ಇಲ್ರಿ ಕಾಕಾ."

ತಲೆಯಾಡಿಸಿ ಗೋಡೆಯ ಕಡೆ ಹೊರಳಿದರು. ಆಮೇಲೆ ನನ್ನೊಡನೆ ಮಾತಾಡಲಿಲ್ಲ. ಎರಡು ಮಳೆಗಾಲ ಹಾಗೇ ಇದ್ದು ತೀರಿಕೊಂಡರು.

ಅದಾಗಿ ವರ್ಷಗಳಾದವು, ನಾನು ಮತ್ತೆ ಅಂಟು ಮುಟ್ಟಿರಲಿಲ್ಲ. ರೋಣದಿಂದ ಮರಳಿದ ಮೇಲೆ, ಈ ಸಲ ಕ್ಲಬ್ಬಿನ ಮುಖ್ಯಸ್ಥರು ಬಂದಾಗ ಎಲ್ಲವನ್ನೂ ಹೇಳಿದೆ, ಬಿದ್ದ ಬ್ರಷ್‌ನಿಂದ ಹಿಡಿದು. ಅವರು ಕೇಳಿಸಿಕೊಂಡು, ಸತ್ತ ಗುರುವಿನ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುವವರು ಈ ಕಾಲದಲ್ಲಿ ಎಲ್ಲಿದ್ದಾರೆ ಎಂದು ನನ್ನ ಬೆನ್ನು ತಟ್ಟಿದರು. ಮುಂದಿನ ಬಂಡೆಯ ಕೆಲಸವನ್ನೂ ನನಗೇ ಒಪ್ಪಿಸಿ ಹೋದರು.