ದರ್ಜಿ ಚಿಕ್ಕಪ್ಪನ ಎಂಚಿಲಾಡ

ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಕೋಟು, ಪ್ಯಾಂಟು ಹೊಲಿದ ದರ್ಜಿ. ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಹದಿನಾಲ್ಕು ಮೆಟ್ಟಿಲು. ಅಷ್ಟು ವರ್ಷವೂ ಅವರು ಅಡುಗೆಮನೆಗೆ ಹೋದದ್ದು ನೀರು ಕುಡಿಯಲು ಮಾತ್ರ. ಆ ಲೋಟವನ್ನೂ ಕುಡಿದಲ್ಲೇ ಬಿಟ್ಟು ಬರುತ್ತಿದ್ದರು. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡ ದಿನ ಈ ರಾಜಯೋಗ ಮುಗಿಯಿತು.

ಮೊದಲ ವಾರ ಬ್ರೆಡ್ಡು, ಮೊಟ್ಟೆ, ಹೋಟೆಲ್ ಪೊಟ್ಟಣಗಳಲ್ಲಿ ಕಳೆಯಿತು. ಎಂಟನೆಯ ದಿನ ಚಿಕ್ಕಮ್ಮ ತಟ್ಟೆ ದೂಡಿದರು.

"ಬಾಯಿ ಕೆಟ್ಟುಹೋಗಿದೆ ಕಣ್ರೀ. ನನ್ನ ಗೆಳತಿ ಒಂದ್ಸಲ ನನ್ನೆದುರೇ ಚೀಸ್ ಎಂಚಿಲಾಡ ಮಾಡಿ ಬಡಿಸಿದ್ಲು. ಅಂಥದ್ದೇನಾದ್ರೂ ಸಿಕ್ಕಿದ್ರೆ..."

"ಅದೇನು ಮಹಾ? ರೊಟ್ಟಿಯೊಳಗೆ ಚೀಸ್ ಇಟ್ಟು ಸುತ್ತೋದು ತಾನೆ? ನಾನು ಮದುಮಗನ ಕೋಟಿಗೆ ತೋಳು ಕೂರಿಸಿದವನು!" ಎಂದುಬಿಟ್ಟರು ಚಿಕ್ಕಪ್ಪ.

ಆ ಭಾನುವಾರ ಚಿಕ್ಕಮ್ಮನನ್ನು ನೋಡಲು ನಾನು ಹೋದಾಗ ಚಿಕ್ಕಪ್ಪ ಪೇಟೆಯಿಂದ ತಂದ ಮೆಕ್ಕೆಜೋಳದ ತೆಳು ರೊಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಟೇಪಿನಲ್ಲಿ ಅಳೆಯುತ್ತಿದ್ದರು.

"ಒಂದು ಆರಿಂಚು, ಇನ್ನೊಂದು ಆರೂಕಾಲು. ಕತ್ತರಿಸಿದವನ ಕೈಯೇ ನೆಟ್ಟಗಿಲ್ಲ ನೋಡು" ಎಂದು ನನಗೆ ದೂರಿದರು.

ಚಿಕ್ಕಮ್ಮ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಕೈಯನ್ನು ಕೊರಳಿಗೆ ಕಟ್ಟಿದ ಜೋಳಿಗೆಯಲ್ಲಿ ತೂಗುಬಿಟ್ಟುಕೊಂಡು ಕೂತಿದ್ದರು. ಒಂದು ಮಾತನ್ನೂ ಆಡಬಾರದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ನೆನೆಸಿದ ಒಣಮೆಣಸಿನಕಾಯಿ, ಟೊಮೆಟೊ, ಬೆಳ್ಳುಳ್ಳಿ ಹಾಕಿ ಚಿಕ್ಕಪ್ಪ ಮಿಕ್ಸಿ ತಿರುಗಿಸಿದರು. ಮುಚ್ಚಳ ಹಿಡಿಯಲಿಲ್ಲ. ಗೋಡೆ, ಗಡಿಯಾರ, ಕನ್ನಡಕ ಎಲ್ಲ ಕೆಂಪಾದವು. ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

ಉಳಿದ ಸಾಸನ್ನು ಕುದಿಸಿದ್ದಾಯಿತು. ಚೀಸ್ ತುರಿ, ಹೆಚ್ಚಿದ ಈರುಳ್ಳಿ ಇಟ್ಟು ರೊಟ್ಟಿ ಸುತ್ತಿದರೆ ಮೊದಲನೆಯದು ಪಟ್ಟನೆ ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದು ಒಡೆಯದಿದ್ದರೂ ಮಡಿಸಿದಷ್ಟು ಸಲವೂ ಬಿಚ್ಚಿಕೊಂಡಿತು. ಚಿಕ್ಕಪ್ಪ ಸರಸರನೆ ಕೆಳಗಿಳಿದು ಸೂಜಿ, ಬಿಳಿ ದಾರ ತಂದರು. ಕೋಟಿಗೆ ಹಾಕುವ ಹಾಗೆ ಅದಕ್ಕೊಂದು ಕಚ್ಚಾ ಹೊಲಿಗೆ ಹಾಕಿ, "ಈಗ ಬಿಚ್ಚಲಿ ನೋಡೋಣ!" ಎಂದರು.

ಇನ್ನು ತಡೆಯಲಾಗಲಿಲ್ಲ ಚಿಕ್ಕಮ್ಮನಿಗೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಯ್ಯೋ, ಇಸ್ತ್ರಿ ಮಾಡದೆ ಬಟ್ಟೆ ಮಡಿಸ್ತೀರೇನ್ರೀ? ರೊಟ್ಟೀನ ಬಿಸಿ ಎಣ್ಣೇಲಿ ಒಂದು ಗಳಿಗೆ ಬಿಟ್ಟು, ಸಾಸಲ್ಲಿ ಅದ್ದಿ, ಆಮೇಲೆ ಸುತ್ತಿ. ಮಡಿಕೆ ಕೆಳಗೆ ಬರೋ ಹಾಗಿಟ್ರೆ ತಾನಾಗೇ ಕೂರುತ್ತೆ."

"ಹಾಗೆ ದರ್ಜಿ ಭಾಷೇಲಿ ಮೊದಲೇ ಹೇಳಬಾರದಿತ್ತಾ?" ಎಂದು ಗದರಿದರು ಚಿಕ್ಕಪ್ಪ. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ!

ಒಂಬತ್ತು ಸುರುಳಿಗಳು ತಟ್ಟೆಯಲ್ಲಿ ಗೆರೆ ಎಳೆದ ಹಾಗೆ ಸಾಲಾಗಿ ಕೂತವು. ಮೇಲೆ ಸಾಸು, ಚೀಸು ಸುರಿದು ಓವನ್ನಿನಲ್ಲಿಟ್ಟರು. ಇಪ್ಪತ್ತು ನಿಮಿಷ ಬಗ್ಗಿ ಗಾಜಿನೊಳಗೆ ನೋಡುತ್ತಲೇ ಇದ್ದರು. ಚೀಸ್ ಉಕ್ಕಿ ಅಂಚು ಕೆಂಪಾದಾಗ, "ಬಂತು, ಬಂತು!" ಎಂದು ಕೂಗಿದರು.

ಚಿಕ್ಕಮ್ಮ ಎಡಗೈಯಲ್ಲಿ ತಿಂದರು. ಚಿಕ್ಕಪ್ಪ ಅವರ ಬಾಯನ್ನೇ ನೋಡುತ್ತಿದ್ದರು.

"ಉಪ್ಪು ಒಂದು ಚೂರು ಕಮ್ಮಿ" ಎಂದರು ಚಿಕ್ಕಮ್ಮ, ಮೂರನೆಯದನ್ನು ಬಡಿಸಿಕೊಳ್ಳುತ್ತಾ. ಅದರೊಳಗಿಂದ ಗೇಣುದ್ದ ಬಿಳಿ ದಾರ ಬಂತು. ಅದನ್ನು ತಟ್ಟೆಯಂಚಿಗಿಟ್ಟು ಮತ್ತೆ ತಿಂದರು.

ಅಲ್ಲಿಂದ ಪ್ರತಿ ಭಾನುವಾರ ಎಂಚಿಲಾಡವೇ. ಎರಡು ತಿಂಗಳಾದ ಮೇಲೆ ಒಮ್ಮೆ ಹೋದೆ. ಪಟ್ಟಿ ಬಿಚ್ಚಿದ್ದರೂ ಚಿಕ್ಕಮ್ಮನ ಕೈ ಜೋಳಿಗೆಯಲ್ಲೇ ಇತ್ತು. "ಇನ್ನೂ ಬಲ ಬಂದಿಲ್ಲ ಕಣೇ" ಎಂದು ನರಳಿದರು. ಚಿಕ್ಕಪ್ಪ ಅಂಗಡಿಗಿಳಿದದ್ದೇ ತಡ, ಬಲಗೈಯನ್ನು ಹೊರತೆಗೆದು, ನನಗೆ ಜಗ್ಗದ ಉಪ್ಪಿನ ಡಬ್ಬಿಯ ಮುಚ್ಚಳವನ್ನು ಒಂದೇ ಏಟಿಗೆ ತಿರುಗಿಸಿ ತೆಗೆದರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟರು.

ನಾನು ಹೊರಟಾಗ ಚಿಕ್ಕಪ್ಪ ಮೆಟ್ಟಿಲ ಮೇಲೆ ಎದುರಾದರು.

"ಕೈ ವಾಸಿಯಾಗಿ ಹತ್ತು ದಿನ ಆಯ್ತು. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದಾಳೆ" ಎಂದು ಪಿಸುಗುಟ್ಟಿದರು.

"ಮತ್ತೆ ಕೇಳಬಾರದಾ ಚಿಕ್ಕಪ್ಪ?"

"ಕೇಳಿದ್ರೆ ಒಲೆ ಮುಂದಿಂದ ನನ್ನ ಓಡಿಸ್ತಾಳೆ. ಈಗ ತಾನೇ ಸುತ್ತೋ ಹದ ಕೈಗೆ ಹತ್ತಿದೆ!"

ಅಷ್ಟು ಹೇಳಿ ಮೇಲೆ ಹೋದವರೇ, ಬೀದಿಗೆಲ್ಲ ಕೇಳುವಂತೆ, "ಆ ಕೈ ಅಲ್ಲಾಡಿಸ್ಬೇಡ, ನೋವಾದೀತು!" ಎಂದರು. "ಹೂಂ ರೀ" ಎಂದಿತು ಒಳಗಿನಿಂದ ಬಲು ಬಡವಾದ ಒಂದು ದನಿ.