ಸರದಿ ಅಕ್ಕನ ಕೆಂಪು ಬಟ್ಟೆ

ನಮ್ಮ ಕಾರ್ಖಾನೆಯಲ್ಲಿ ಅವರು ಎದುರಿಗೆ ಅಕ್ಕ, ಬೆನ್ನ ಹಿಂದೆ ಸರದಿ ಅಕ್ಕ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳನ್ನು ನಾವು ತಯಾರಿಸುತ್ತಿದ್ದೆವು. ಪೆಟ್ಟಿಗೆಯೊಳಗಿನ ಪುಟ್ಟ ಕಂಪ್ಯೂಟರಿಗೆ ಡ್ರೈವರ್ ಬರೆಯುವುದು ಅಕ್ಕನ ಕೆಲಸ. "ನಮ್ಮ ಸೊಸೆ ಡ್ರೈವರ್ ಕೆಲಸದಲ್ಲಿದಾಳೆ" ಎಂದು ಅವರ ಅತ್ತೆ ಹೇಳಿದಾಗ ಪಕ್ಕದ ಮನೆಯವರು ಬಸ್ಸೋ ಲಾರಿಯೋ ಎಂದು ಕೇಳಿದ್ದರಂತೆ. "ಅದೇನೋಮ್ಮ, ಕೂತ ಕುರ್ಚಿಯಿಂದ ಏಳದೇ ಓಡಿಸ್ತಾಳೆ" ಎಂದಿದ್ದರಂತೆ ಅತ್ತೆ.

ಪೆಟ್ಟಿಗೆಯಲ್ಲಿ ಶಾಖ ಅಳೆಯುವ ಸೆನ್ಸರ್, ಬಿಸಿಗಾಳಿ ಊದುವ ಫ್ಯಾನ್, ಅಂಕಿ ತೋರಿಸುವ ಪರದೆ ಇದ್ದವು. ಒಂದೊಂದರ ಜತೆ ಮಾತಾಡಲು ಒಂದೊಂದು ಪ್ರೋಗ್ರಾಂ, ಅದೇ ಡ್ರೈವರ್. ಆದರೆ ಮಾತೆಲ್ಲ ಹಾದುಹೋಗಬೇಕಾದದ್ದು ಒಂದೇ ಜೋಡಿ ತಂತಿಯಲ್ಲಿ. ಇಬ್ಬರು ಒಟ್ಟಿಗೆ ಬಾಯಿ ಹಾಕಿದರೆ ಯಾರ ಮಾತೂ ತಲುಪದು. ಅದಕ್ಕೇ ಒಂದು ಲಾಕ್. ಅದನ್ನು ಹಿಡಿದವರು ಮಾತಾಡಬೇಕು, ಮುಗಿಸಿ ಬಿಡಬೇಕು, ಉಳಿದವರು ಕಾಯಬೇಕು. ಒಂದೇ ಕಾಲುವೆಯ ನೀರನ್ನು ಸರದಿಯ ಮೇಲೆ ಹಾಯಿಸಿಕೊಳ್ಳುವ ಊರಿನಲ್ಲಿ ಬೆಳೆದ ನನಗೆ ಇದು ಮೊದಲ ದಿನವೇ ಅರ್ಥವಾಗಿತ್ತು. ಅರ್ಥವಾಗದೇ ಬೆರಗಾಗಿಸಿದ್ದು ಅದರ ವೇಗ. ಒಂದು ಸೆಕೆಂಡಿನಲ್ಲಿ ನೂರಾರು ಸಲ ಸರದಿ ಕೈ ಬದಲಾಗುತ್ತಿತ್ತು.

ಆ ವಾರ ಹೊಸ ಪೆಟ್ಟಿಗೆ ಶುಕ್ರವಾರ ಆಸ್ಪತ್ರೆಗೆ ಹೋಗಬೇಕಿತ್ತು. ಆದರೆ ಮೂರು ನಾಲ್ಕು ದಿನಕ್ಕೊಮ್ಮೆ ಪರದೆಯ ಮೇಲೆ ಮೂವತ್ತಾರೂವರೆ ಎಂಬ ಅಂಕಿ ಹಾಗೇ ನಿಂತುಬಿಡುತ್ತಿತ್ತು. ಒಳಗೆ ಶಾಖ ಏರಿದರೂ ಅಷ್ಟೇ, ಇಳಿದರೂ ಅಷ್ಟೇ.

"ನಿಂತ್ರೆ ತಾನೇ ಆಫ್ ಆಗಿ ಆನ್ ಆಗೋ ಹಾಗೆ ಮಾಡಿಬಿಡೀಮ್ಮ, ಸಾಕು" ಎಂದರು ಮ್ಯಾನೇಜರು.

"ನಿಂತಿದ್ದು ಯಾಕೆ ಅಂತ ಗೊತ್ತಾಗೋವರೆಗೂ ನಾನು ಸಹಿ ಹಾಕಲ್ಲ ಸಾರ್. ಒಳಗೆ ಮಲಗೋದು ಒಂದು ಕೂಸು."

"ಶುಕ್ರವಾರ, ಅಷ್ಟೇ. ನೀವು ಹಾಕದಿದ್ರೆ ಬೇರೆಯವರ ಸಹಿ ತಗೋತೀನಿ."

ಅಕ್ಕ ಗೋಡೆಗೆ ಉದ್ದನೆಯ ಕಾಗದ ಅಂಟಿಸಿದರು. ಮೂರೂ ಡ್ರೈವರುಗಳಲ್ಲಿ ಲಾಕ್ ಹಿಡಿಯುವ ಕಡೆಯೆಲ್ಲ ಎಡಕ್ಕೆ, ಬಿಡುವ ಕಡೆಯೆಲ್ಲ ಬಲಕ್ಕೆ ಬರೆದರು. ಹನ್ನೊಂದಕ್ಕೆ ಹನ್ನೊಂದು. ಲೆಕ್ಕ ಸರಿಯಾಗಿತ್ತು, ಪೆಟ್ಟಿಗೆ ಮಾತ್ರ ಬುಧವಾರ ಮತ್ತೆ ನಿಂತಿತು.

ತಂತಿಯಲ್ಲಿ ಓಡುವ ಸಂಕೇತವನ್ನು ಗೆರೆಗಳಾಗಿ ತೋರಿಸುವ ಆಸಿಲೋಸ್ಕೋಪ್ ನಮ್ಮಲ್ಲಿ ಇದ್ದದ್ದು ಒಂದೇ. ಜಗಳ ಬೇಡವೆಂದು ಅಕ್ಕನೇ ಒಂದು ಕ್ರಮ ಮಾಡಿದ್ದರು. ಮೊಳೆಗೆ ನೇತುಹಾಕಿದ ಕೆಂಪು ಬಟ್ಟೆ ಕೈಗೆ ತೆಗೆದುಕೊಂಡವರು ಮಾತ್ರ ಅದನ್ನು ಮುಟ್ಟಬೇಕು. ಕೆಲಸ ಮುಗಿದ ಮೇಲೆ ಬಟ್ಟೆ ಮತ್ತೆ ಮೊಳೆಗೆ. ಗುರುವಾರ ಬೆಳಿಗ್ಗೆ ಮೊಳೆ ಖಾಲಿ. ಆಸಿಲೋಸ್ಕೋಪಿನ ಮುಂದೆಯೂ ಯಾರೂ ಇಲ್ಲ. ನಾವು ನಾಲ್ವರು ಒಬ್ಬರ ಮುಖ ಒಬ್ಬರು ನೋಡುತ್ತ ಅರ್ಧ ಗಂಟೆ ನಿಂತೆವು. ನಿಯಮ ಮುರಿಯಲು ಯಾರಿಗೂ ಧೈರ್ಯವಿಲ್ಲ.

ಕೊನೆಗೆ ಬೆವರೊರೆಸಿಕೊಳ್ಳುತ್ತ ಬಂದವರು ಫ್ಯಾನಿನ ಡ್ರೈವರ್ ಬರೆಯುವ ಹಿರಿಯರು. ಅವರಿಗೆ ಫ್ಯಾನ್ ಮಾವ ಎಂದೇ ಹೆಸರು. ಬೆವರು ಒರೆಸುತ್ತಿದ್ದದ್ದು ಅದೇ ಕೆಂಪು ಬಟ್ಟೆಯಲ್ಲಿ!

"ಮಗಳು ಶಾಲೇಲಿ ಬಿದ್ದಳು ಅಂತ ಫೋನ್ ಬಂತಮ್ಮ. ಅರ್ಧಕ್ಕೇ ಬಿಟ್ಟು ಹಿಂದಿನ ಬಾಗಿಲಿಂದ ಓಡಿದೆ. ಬಟ್ಟೆ ಜೇಬಲ್ಲೇ ಉಳೀತು."

"ಮಗು ಹೇಗಿದೆ?"

"ಮಂಡಿ ತರಚಿದೆ. ನನಗಿಂತ ಗಟ್ಟಿ ಅವಳು."

ಎಲ್ಲರೂ ನಕ್ಕರು. ಅಕ್ಕನ ನಗು ಮಾತ್ರ ಅರ್ಧಕ್ಕೇ ನಿಂತಿತು.

"ಹಿಂದಿನ ಬಾಗಿಲು," ಎಂದರು ಮೆಲ್ಲಗೆ. "ನಾನು ಮುಂದಿನ ಬಾಗಿಲಿಂದ ಹೋಗೋರನ್ನ ಮಾತ್ರ ಎಣಿಸಿದೀನಿ."

ಕುರ್ಚಿಗೆ ಹೋಗಿ ಕೂತವರು, ಕೆಲಸ ಕೆಟ್ಟು ಅರ್ಧಕ್ಕೇ ಹೊರಬೀಳುವ ದಾರಿಗಳನ್ನು ಒಂದೊಂದಾಗಿ ಹುಡುಕಿದರು. ಸೆನ್ಸರಿನ ಡ್ರೈವರಿನಲ್ಲಿ ಅದು ಸಿಕ್ಕಿತು. ಮೂರು ಸಲ ಕರೆದರೂ ಸೆನ್ಸರ್ ಓಗೊಡದಿದ್ದರೆ ಡ್ರೈವರ್ ಅಲ್ಲಿಂದಲೇ ಎದ್ದು ಹೋಗುತ್ತಿತ್ತು, ಲಾಕನ್ನು ಜೇಬಿನಲ್ಲಿಟ್ಟುಕೊಂಡು. ಆಮೇಲೆ ಫ್ಯಾನಿಗೂ ಸರದಿಯಿಲ್ಲ, ಪರದೆಗೂ ಇಲ್ಲ. ಅಪಾಯ ಎಂದು ಕೂಗಬೇಕಾದ ಪರದೆಯೇ ಸರದಿಗಾಗಿ ಕಾಯುತ್ತ ಹಳೆಯ ಅಂಕಿ ಹಿಡಿದು ನಿಂತಿರುತ್ತಿತ್ತು.

ಅದನ್ನು ಬರೆದವರು ಯಾರೆಂದು ನಾನು ಕೇಳಲಿಲ್ಲ. ಅಕ್ಕನೇ ಎಲ್ಲರನ್ನೂ ಕರೆದು, "ಆರು ವರ್ಷದ ಹಿಂದೆ ಇದನ್ನ ಬರೆದೋಳು ನಾನೇ. ನೋಡ್ಕೊಳ್ಳಿ, ಎಲ್ಲಿ ತಪ್ಪಿದೀನಿ ಅಂತ" ಎಂದರು. ಅಷ್ಟು ಸಲೀಸಾಗಿ ತಪ್ಪೊಪ್ಪಿಕೊಂಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸೇರಿಸಿದ್ದು ಒಂದೇ ಸಾಲು, ಎದ್ದು ಹೋಗುವ ಮೊದಲು ಲಾಕ್ ಬಿಡು ಎಂದು.

ಶುಕ್ರವಾರ ಮ್ಯಾನೇಜರು ಬಂದಾಗ ಅಕ್ಕ ಚಾಲೂ ಇದ್ದ ಪೆಟ್ಟಿಗೆಯನ್ನು ತೋರಿಸಿ, "ಸೆನ್ಸರಿನ ತಂತಿ ನೀವೇ ಕೀಳಿ ಸಾರ್" ಎಂದರು. ಅವರು ಅನುಮಾನಿಸುತ್ತ ಕಿತ್ತರು. ಮರುಕ್ಷಣವೇ ಪರದೆಯ ಅಂಕಿ ಅಳಿಸಿ, ಕೆಂಪು ಎಚ್ಚರಿಕೆ ಮೂಡಿ, ಗಂಟೆ ಕೂಗಿತು. ಫ್ಯಾನ್ ತನ್ನ ಪಾಡಿಗೆ ತಿರುಗುತ್ತಲೇ ಇತ್ತು. ಆಸಿಲೋಸ್ಕೋಪಿನಲ್ಲಿ ಉಳಿದಿಬ್ಬರ ಸರದಿಗಳು ಬಾಚಣಿಗೆಯ ಹಲ್ಲುಗಳಂತೆ ಒಂದರ ಪಕ್ಕ ಒಂದು ಓಡುತ್ತಿದ್ದವು. ನೋಡುತ್ತಿದ್ದ ನನಗೆ ಅದು ಪ್ರೋಗ್ರಾಂ ಎನ್ನುವುದೇ ಮರೆತುಹೋಯಿತು.

ಮ್ಯಾನೇಜರು ಕಾಗದ ಮುಂದಿಟ್ಟರು. ಅಕ್ಕ ಸಹಿ ಹಾಕಿ, ಹೆಗಲ ಮೇಲಿದ್ದ ಕೆಂಪು ಬಟ್ಟೆಯನ್ನು ತೆಗೆದು ಮೊಳೆಗೆ ನೇತುಹಾಕಿದರು.