ದೇವರೆತ್ತಿಗೆ ನೀರು

ಇವತ್ತು ದೇವರಿಗೆ ಬಿಟ್ಟ ಎತ್ತಿಗೆ ನೀರಿಡುವಾಗ, ಕಾದ ಕಲ್ಲುತೊಟ್ಟಿಯಿಂದ ಎದ್ದ ವಾಸನೆಗೆ ಅವ್ವ ನೆನಪಾದಳು.

ಪ್ಲೇಗು ಬಂದ ವರ್ಷ ಊರು ಬಿಟ್ಟು ಪರಶುರಾಂಪುರದ ಆಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದೆವು. ಅಲ್ಲೇ ನನ್ನ ಪುಟ್ಟ ತಮ್ಮ ತೀರಿಕೊಂಡ. ಅವ್ವ ದೀಪ ಹಚ್ಚುವುದನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು.

“ದೇವ್ರನ್ನ ಬೈಕೋ, ಬ್ಯಾಡ ಅನ್ನಲ್ಲ. ದೇವರೆತ್ತಿಗೆ ನೀರಿಡಾದು ಮಾತ್ರ ಬಿಡಬ್ಯಾಡ ಕಣವ್ವ,” ಅಂದಳು ಅಜ್ಜಿ.

ಅವ್ವ ದಿನಾ ತಲೆ ಎತ್ತದೆ ಕೊಡ ತಂದು ಸುರಿದು ಹೋಗುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಎತ್ತಿನ ಕೊರಳು ಸವರಿ, “ನಿಧಾನ ಕುಡಿಯಪ್ಪ, ನೆತ್ತಿಗೆ ಹತ್ತತೈತೆ,” ಅಂದಳು. ತಮ್ಮನಿಗೆ ಹಾಲು ಕುಡಿಸುವಾಗ ಆಡುತ್ತಿದ್ದ ಮಾತು ಅದು. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನನ್ನ ಮಗ ತೀರಿಕೊಂಡು ಇವತ್ತಿಗೆ ಒಂದು ತಿಂಗಳು. ಎತ್ತು ಕುಡಿದು ಮುಗಿಸುವವರೆಗೂ ನಿಂತಿದ್ದೆ. ಬಾಯಿಂದ ಮಾತು ಹೊರಡಲಿಲ್ಲ. ನಾಳೆಯೂ ಕೊಡ ಹೊರುತ್ತೇನೆ.